ನಡೆದೇ ಇಲ್ಲದ ಬಂಧನ

ಹಾರ್ಕರ್ ಕೌಂಟಿಯಲ್ಲಿ ಇರುವುದೇ ಎಂಟುನೂರು ಚಿಲ್ಲರೆ ಜನ. ನೆಡ್ರಾ ಪ್ರೂಯಿಟ್ ನಲವತ್ತು ವರ್ಷಗಳ ಹಿಂದೆ ಮೂರು ದಿನ ಜೈಲಿನಲ್ಲಿದ್ದಳೆಂಬುದು ಗೊತ್ತಿಲ್ಲದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಆದರೆ ಅದನ್ನು ಹೇಳಬೇಕಾದ ಕಾಗದ ಮಾತ್ರ ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

"ಇಲ್ಲ ಕಣೇ," ಎಂದಳು ಮೇವಿಸ್ ಟಾಲಿವರ್, ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ. ನ್ಯಾಯಾಲಯದ ಗುಮಾಸ್ತೆ ಅವಳೇ. ಮದುವೆ ನೋಂದಣಿ, ಜಮೀನು ಪತ್ರ, ಚುನಾವಣೆ, ಎಲ್ಲದಕ್ಕೂ ಅವಳೇ. "ಎಂಬತ್ತಮೂರು, ಎಂಬತ್ನಾಲ್ಕು, ಎರಡೂ ವರ್ಷದ ಡಬ್ಬ ಬೋರಲು ಹಾಕ್ದೆ. ಪ್ರೂಯಿಟ್ ಅಂತ ಇರೋದು ನಿಮ್ಮ ಚಿಕ್ಕಪ್ಪ ಒಬ್ನೇ. ಬಾರಲ್ಲಿ ಯಾರದೋ ಹಲ್ಲು ಮುರಿದಿದ್ದು."

"ಅವನದ್ದು ನಾಲ್ಕು ಸಲ ಇರ್ಬೇಕು."

"ಐದು," ಎಂದಳು ಮೇವಿಸ್. "ನಿಂದು ಒಂದೂ ಇಲ್ಲ."

"ಈ ಕಟ್ಟಡದ ಹಿಂದಿನ ಜೈಲಲ್ಲಿ ನಾನು ಮೂರು ದಿನ ಕೂತಿದ್ದೆನಲ್ಲೇ. ನಿಮ್ಮಮ್ಮನೇ ಅಲ್ವಾ ಊಟ ಕಳಿಸ್ತಿದ್ದಿದ್ದು?"

"ಗೊತ್ತು ತಾಯಿ. ಹಂದಿಮಾಂಸ, ಬೀನ್ಸ್ ಕಾಳು. ತಟ್ಟೆ ಹೊತ್ಕೊಂಡು ಬಂದವಳೇ ನಾನು. ಆದ್ರೆ ನಾನು ಹೊತ್ತ ತಟ್ಟೆ ದಾಖಲೆ ಆಗಲ್ವಲ್ಲ."

"ಹಾಗಾದ್ರೆ ಏನೂ ಇಲ್ಲ ಅಂತ ಬರೆದುಕೊಟ್ಟುಬಿಡು."

"ರಾಜ್ಯದವರ ಕಂಪ್ಯೂಟರಲ್ಲಿ ಇದೆಯಲ್ಲೇ! ನಮ್ಮ ಕಾಗದ ಸಿಕ್ಕಿದ್ರೆ ಕೊನೆಗೆ ಏನಾಯ್ತು ಅಂತ ಗೊತ್ತಾಗತ್ತೆ. ಆಗ ಜಡ್ಜ್ ಮೊಹರು ಹಾಕಿ ಮುಚ್ಚೋಕೆ ಹೇಳ್ತಾರೆ, ನಾನು ಎಲ್ಲರಿಗೂ ಕಳಿಸ್ತೀನಿ, ಅವರೂ ಅಳಿಸ್ತಾರೆ. ಸಿಗದೇ ಇರೋದನ್ನ ಮುಚ್ಚೋದು ಹೇಗೆ ಮಾರಾಯ್ತಿ?"

ರಾಜ್ಯದ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಸಾಲು. ನೆಡ್ರಾ ಪ್ರೂಯಿಟ್, ಬಂಧನ, ಜಾನುವಾರು ಕಳವು, ಫಲಿತಾಂಶ ತಿಳಿದಿಲ್ಲ. ನಲವತ್ತು ವರ್ಷ ಆ ಸಾಲು ತನ್ನ ಪಾಡಿಗೆ ತಾನು ಬಿದ್ದಿತ್ತು, ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಈಗ ಓಪಲ್ ಮನೆಗೆ ಬರುವ ದಾರಿಗೆ ಅಡ್ಡ ನಿಂತಿತ್ತು.

ಓಪಲ್ ಜೆಸಪ್ ಮತ್ತು ನೆಡ್ರಾ ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿ ಬಾಳಿದವರು. ನ್ಯಾಯಾಲಯವಿದ್ದ ಸಾಲ್ಟ್ ಫೋರ್ಕ್ ಊರಿನಿಂದ ನಲವತ್ತು ಮೈಲಿ ಆಚೆ, ಕಣ್ಣು ಹಾಯಿಸಿದಷ್ಟು ದೂರ ಬೂದು ಬಣ್ಣದ ಕುರುಚಲು ಗಿಡಗಳಲ್ಲದೆ ಬೇರೇನೂ ಕಾಣದ ಕಣಿವೆಯಲ್ಲಿ ಆ ಮನೆ. ಊರಿನವರು ಅವರನ್ನು 'ಆ ಇಬ್ಬರು' ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳುವ ಕೆಟ್ಟ ಬುದ್ಧಿ ಆ ಕಡೆಯವರಿಗಿಲ್ಲ. ಹೋದ ಚಳಿಗಾಲ ಮರೆವು ಹೆಚ್ಚಾಗಿ ಓಪಲ್ ಬರಿಗಾಲಲ್ಲಿ ಹಿಮದೊಳಗೆ ನಡೆದು ಹೋದಳು. ನೆಡ್ರಾ ಹುಡುಕಿ ತರುವಷ್ಟರಲ್ಲಿ ಕಾಲಿನ ಎರಡು ಬೆರಳು ಹಿಮಕ್ಕೆ ಸತ್ತುಹೋಗಿದ್ದವು. ಆಸ್ಪತ್ರೆಯವರು ಅವಳನ್ನು ನೂರೆಂಬತ್ತು ಮೈಲಿ ದೂರದ ಎಲ್ಕೋದಲ್ಲಿ ವೃದ್ಧರನ್ನು ನೋಡಿಕೊಳ್ಳುವ ಮನೆಗೆ ಸೇರಿಸಿದರು. ಮನೆಗೆ ಕರೆದುಕೊಂಡು ಹೋಗುತ್ತೇನೆಂದು ನೆಡ್ರಾ ಕೇಳಿದಾಗ, ನೀನು ಅವಳಿಗೆ ಏನಾಗಬೇಕು ಎಂದರು. ಅಕ್ಕ ತಂಗಿಯಲ್ಲ, ಗಂಡ ಹೆಂಡಿರಲ್ಲ. ರಕ್ತಸಂಬಂಧ ಇಲ್ಲದವರ ಮನೆಯಲ್ಲಿ ಮುದುಕರನ್ನು ಇಡಬೇಕಾದರೆ ಆ ಮನೆಗೆ ರಾಜ್ಯದ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಹಿನ್ನೆಲೆ ಶುದ್ಧವಿರಬೇಕು. ಮೂವತ್ತೊಂದು ವರ್ಷ ಒಂದೇ ಒಲೆಯ ಮೇಲೆ ಕಾಫಿ ಕಾಯಿಸಿಕೊಂಡವರು ಕಾನೂನಿನ ಕಣ್ಣಿಗೆ ಏನೂ ಅಲ್ಲ. ಕಾನೂನಿನ ಕಣ್ಣು ಅಷ್ಟೇ ಕಾಣುವುದು.

ಪ್ರತಿ ಭಾನುವಾರ ನೆಡ್ರಾ ಎಲ್ಕೋಗೆ ಹೋಗುತ್ತಿದ್ದಳು. ಕಿಟಕಿಯ ಬಳಿ ಕೂತ ಓಪಲ್ ಮೊದಲು ಅವಳನ್ನು ಅಪರಿಚಿತರನ್ನು ನೋಡುವಂತೆ ನೋಡುತ್ತಿದ್ದಳು. ಹೆಸರು ಹೇಳಿದರೂ ಅಷ್ಟೆ. ಆಮೇಲೆ ಒಮ್ಮೆಗೇ ಅವಳ ಮುಖ ಅರಳುತ್ತಿತ್ತು.

"ಓ! ನೀನೇ ಅಲ್ವೇನೇ ಗೇಟು ತೆಗ್ದೋಳು?"

"ನಾನೇ."

"ಹನ್ನೊಂದು ಕುದುರೆ," ಎಂದು ಓಪಲ್ ಪಕ್ಕದ ಮುದುಕಿಗೆ ಹೇಳುತ್ತಿದ್ದಳು. "ನಾನು ಮುಂದೆ, ಇವಳು ಗೇಟಲ್ಲಿ. ಹಿಡಿದು ಒಳಗೆ ಹಾಕಿದ್ರು ನಮ್ಮನ್ನ! ಕುದುರೆ ಮಾತ್ರ ಸಿಗ್ಲಿಲ್ಲ. ಇವತ್ತೂ ಗುಡ್ಡದ ಮೇಲಿವೆ."

ಅಲ್ಲಿಂದ ಮುಂದೆ ಒಂದು ತಾಸು ಅವಳು ಹಳೆಯ ಓಪಲ್ಲೇ. ನೆಡ್ರಾಳನ್ನು ಬೈಯುವಳು, ಕಾಫಿ ನೀರಾಗಿದೆ ಎನ್ನುವಳು, ಅವಳ ಕೈ ಹಿಡಿದುಕೊಳ್ಳುವಳು. ಗಂಡಂದಿರನ್ನು, ಮಕ್ಕಳನ್ನು ಮರೆತವರು ಆ ಮನೆ ತುಂಬ ಇದ್ದರು. ಓಪಲ್‌ಗೆ ತನ್ನ ಊರು, ತಾಯಿ, ವಯಸ್ಸು ಎಲ್ಲ ಮರೆತಿತ್ತು. ಆ ಒಂದು ದಿನ ಮರೆತಿರಲಿಲ್ಲ. ನೆಡ್ರಾ ಅವಳ ಮನಸ್ಸಿನೊಳಗೆ ಹೋಗಲು ಉಳಿದಿದ್ದ ಬಾಗಿಲು ಅದೊಂದೇ.

ಆ ದಿನ ಆದದ್ದು ಇಷ್ಟು. ಇಬ್ಬರೂ ಲೇಜಿ ಕೆ ಎಂಬ ರ‍್ಯಾಂಚಿನಲ್ಲಿ ಕೆಲಸಕ್ಕಿದ್ದರು. ಅಡ್ಡ ಮಲಗಿದ 'ಕೆ' ಅಕ್ಷರ ಆ ರ‍್ಯಾಂಚಿನ ದನಗಳ ಮೇಲೆ ಒತ್ತುವ ಮುದ್ರೆ, ಹೆಸರೂ ಅದೇ. ನೆಡ್ರಾ ಅಡುಗೆಗೆ, ಓಪಲ್ ಕುದುರೆಗಳನ್ನು ನೋಡಿಕೊಳ್ಳಲು. ಇಪ್ಪತ್ತು ವರ್ಷ ದುಡಿದು ಮುದಿಯಾದ ಹನ್ನೊಂದು ಕುದುರೆಗಳನ್ನು ಯಜಮಾನ ಕಸಾಯಿಖಾನೆಯ ದಲ್ಲಾಳಿಗೆ ಮಾರಿದ. ಲಾರಿ ಬರುವ ದಿನ ಬೆಳಿಗ್ಗೆ ಇಬ್ಬರೂ ಸೇರಿ ಅವನ್ನು ಗುಡ್ಡಕ್ಕೆ ಅಟ್ಟಿಬಿಟ್ಟರು. ಆ ಸೀಮೆಯಲ್ಲಿ ಮನುಷ್ಯನನ್ನು ಹೊಡೆದರೆ ಒಂದು ರಾತ್ರಿ ಜೈಲು, ಜಾನುವಾರು ಕದ್ದರೆ ಹತ್ತು ವರ್ಷ. ಆದರೆ ಕುದುರೆಗಳು ಕಾಡಿನವಲ್ಲ, ಲಾಯದಲ್ಲಿ ಬೆಳೆದವು. ಗುಡ್ಡದ ಮೇಲೆ ಹುಲ್ಲಿರಲಿಲ್ಲ. ಮೂರನೆಯ ದಿನ ಹನ್ನೊಂದೂ ಸಾಲಾಗಿ ನಡೆದು ಬಂದು ಅದೇ ಗೇಟಿನ ಮುಂದೆ ಮೇವಿಗೆ ನಿಂತವು. ಯಜಮಾನ ನಕ್ಕು ದೂರು ಹಿಂತೆಗೆದುಕೊಂಡ, ಲಾರಿ ತರಿಸಿದ. ಇದನ್ನು ಮಾತ್ರ ಓಪಲ್ ಮರೆತಿದ್ದಳು. ನೆಡ್ರಾ ನೆನಪು ಮಾಡಲು ಹೋಗಲಿಲ್ಲ.

ಮೇವಿಸ್ ಕಾಗದ ಇಲ್ಲವೆಂದ ಆ ಶುಕ್ರವಾರ ಬರಿಗೈಯಲ್ಲಿ ನ್ಯಾಯಾಲಯದಿಂದ ಹೊರಟ ನೆಡ್ರಾ ಪಿಕಪ್ ಓಡಿಸುತ್ತಾ ಸುಮ್ಮನೆ ಅತ್ತಳು. ಅಳುವುದನ್ನು ನೋಡಲು ಆ ರಸ್ತೆಯಲ್ಲಿ ಯಾರಿದ್ದಾರೆ? ಅರ್ಧ ತಾಸಿಗೊಂದು ಗಾಡಿ. ಹದಿನೆಂಟನೆಯ ಮೈಲಿಯಲ್ಲಿ ಎದುರಿನಿಂದ ಒಂದು ಹಸಿರು ಗಾಡಿ ಬಂತು. ಓಡಿಸುತ್ತಿದ್ದವನು ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿದ, ಅಲ್ಲಿಯವರ ನಮಸ್ಕಾರ ಅಷ್ಟೆ. ಅವಳೂ ಬೆರಳು ಎತ್ತಿದಳು. ಬಾರ್ ಸೆವೆನ್ ಹೋದ, ಅಂದುಕೊಂಡಳು. ಬಾರ್ ಸೆವೆನ್ ಅವನ ಹೆಸರಲ್ಲ, ಅವನು ಕೆಲಸ ಮಾಡುವ ರ‍್ಯಾಂಚಿನದು. ಹತ್ತೊಂಬತ್ತು ವರ್ಷ ಅವನಿಗೆ ಬೆರಳು ಎತ್ತಿದ್ದಾಳೆ, ಅವನ ಹೆಸರೇ ಗೊತ್ತಿಲ್ಲ. ಯಾರದ್ದು ತಾನೇ ಗೊತ್ತು? ಆ ಕಣಿವೆಯಲ್ಲಿ ಮನುಷ್ಯರನ್ನು ಕರೆಯುವುದೇ ದನದ ಮುದ್ರೆಯಿಂದ.

ನೆಡ್ರಾ ಥಟ್ಟನೆ ಬ್ರೇಕ್ ಒತ್ತಿದಳು. ಅವರನ್ನು ಹಿಡಿದ ಶೆರಿಫ್ ಆರ್ಲೋ ಬೆಕ್ ಅಂದು ಗಾಡಿಯ ರೇಡಿಯೋದಲ್ಲಿ ಹೇಳಿದ್ದು ಕಿವಿಯಲ್ಲಿ ಹಾಗೇ ಇತ್ತು. 'ಲೇಜಿ ಕೆ ಹುಡುಗೀರಿಬ್ರನ್ನ ತರ್ತಿದೀನಿ' ಅಂದಿದ್ದ. ಪ್ರೂಯಿಟ್ ಅಂದಿರಲಿಲ್ಲ, ಜೆಸಪ್ ಅಂದಿರಲಿಲ್ಲ. ಅವಳು ಗಾಡಿ ತಿರುಗಿಸಿ, ಮೇವಿಸ್ ಬೀಗ ಹಾಕುವ ಹೊತ್ತಿಗೆ ಸರಿಯಾಗಿ ನ್ಯಾಯಾಲಯದ ಬಾಗಿಲಲ್ಲಿ ನಿಂತಳು.

"ಪ್ರೂಯಿಟ್ ಬಿಡು. ಲೇಜಿ ಕೆ ನೋಡು."

ಮೇವಿಸ್ ಬೀಗದ ಕೈ ಹಿಡಿದುಕೊಂಡೇ ಅವಳ ಮುಖ ನೋಡಿದಳು. "ಆ ಬೀರು ದನದ್ದು ಕಣೇ. ಮುದ್ರೆ ನೋಂದಣಿ, ದನದ ತಪಾಸಣೆ ಚೀಟಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. "ಅಯ್ಯೋ, ಆರ್ಲೋ! ಆ ಪುಣ್ಯಾತ್ಮ ಹಾಗೇ ಮಾಡಿರ್ತಾನೆ ನೋಡು!"

ಹಾಗೇ ಮಾಡಿದ್ದ. ಹಳೆಯ ಮರದ ಬೀರುವಿನಲ್ಲಿ, ಲೇಜಿ ಕೆ ಎಂದು ಬರೆದ ಖಾನೆಯಲ್ಲಿ, ಹೋರಿ ಕಳೆದುಹೋದ ದೂರಿಗೂ ಎಮ್ಮೆಯಷ್ಟು ದಪ್ಪದ ತಪಾಸಣೆ ಪುಸ್ತಕಕ್ಕೂ ನಡುವೆ ಒಂದು ಹಳದಿ ಕಾರ್ಡು.

"ದನಗಳ ಜೊತೆ ಕಟ್ಟಿಹಾಕಿದ್ದಾನಲ್ಲೇ ನಮ್ಮನ್ನ," ಎಂದಳು ನೆಡ್ರಾ. ಇಬ್ಬರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

ಕಾರ್ಡಿನಲ್ಲಿ ಆರ್ಲೋನ ಕೋಳಿಕಾಲು ಅಕ್ಷರ. 'ಲೇಜಿ ಕೆ. ಅಡುಗೆಯವಳು, ಕುದುರೆಯವಳು. ಹನ್ನೊಂದು ಕುದುರೆ ಬಿಟ್ಟಿದ್ದಾರೆ. ಒಳಗೆ ಹಾಕಿದೆ. ಕುದುರೆ ತಾವೇ ವಾಪಸ್ ಬಂದಿವೆ. ದೂರು ವಾಪಸ್. ಬಿಟ್ಟೆ.' ಹಿಂದುಗಡೆ, ಹೊರಡುವಾಗ ವಾಪಸ್ ಪಡೆದ ಸಾಮಾನು: ಬೆಲ್ಟು ಎರಡು, ಚಾಕು ಒಂದು, ಬಾಚಣಿಗೆ ಒಂದು. ಅದರ ಕೆಳಗೆ ಇಬ್ಬರ ಸಹಿ, ಒಂದರ ಪಕ್ಕ ಒಂದು. ಓಪಲ್ಲಿನ ಕೈ ಎಷ್ಟು ಗಟ್ಟಿಯಾಗಿತ್ತು ಆಗ! ನೆಡ್ರಾಳ ನಗು ನಿಂತುಹೋಯಿತು. ಮನೆ ಅವಳೊಬ್ಬಳ ಹೆಸರಿನಲ್ಲಿತ್ತು, ಗಾಡಿ ಓಪಲ್ಲಿನ ಹೆಸರಿನಲ್ಲಿ, ಬ್ಯಾಂಕು ಬೇರೆ ಬೇರೆ. ಇಬ್ಬರ ಹೆಸರೂ ಒಟ್ಟಿಗೆ ಇದ್ದ ಕಾಗದ ಲೋಕದಲ್ಲಿ ಅದೊಂದೇ, ಅದನ್ನು ಮುಚ್ಚಿಸಬೇಕೆಂದು ಅರ್ಜಿ ಹಾಕಿದವಳೂ ಅವಳೇ.

"ಒಂದು ಕಾಪಿ ತೆಗೆದುಕೊಡ್ಲೇನೇ?" ಎಂದಳು ಮೇವಿಸ್ ಮೆಲ್ಲಗೆ. "ಆರ್ಡರ್ ಆಗೋಕೆ ಮುಂಚೆ ಆದ್ರೆ ನನಗೇನೂ ಗೊತ್ತಿಲ್ಲ."

ನೆಡ್ರಾ ತುಂಬ ಹೊತ್ತು ಕಾರ್ಡು ನೋಡಿದಳು. "ಬೇಡ. ಲೈಸೆನ್ಸಿಗೆ ಮನೆ ನೋಡೋಕೆ ಬರೋ ಹೆಂಗಸಿನ ಕೈಗೆ ಸಿಕ್ಕಿದ್ರೆ? ಬೇಡ ಬಿಡು," ಎಂದು ಹಿಂದಕ್ಕೆ ಕೊಟ್ಟಳು.

ಜಡ್ಜ್ ಮೆಂಡಿಯೋಲಾ ಸಾಲ್ಟ್ ಫೋರ್ಕಿಗೆ ಬರುವುದು ಎರಡು ವಾರಕ್ಕೊಮ್ಮೆ. ಆವತ್ತು ನ್ಯಾಯಾಲಯದಲ್ಲಿ ಇದ್ದದ್ದು ಅವರು, ಮೇವಿಸ್, ನೆಡ್ರಾ, ಜೊತೆಗೆ ಚಳಿ ಕಾಯಿಸಿಕೊಳ್ಳಲು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಮುದುಕ. ಜಡ್ಜ್ ಕಾರ್ಡು ಓದಿ, 'ಕುದುರೆ ತಾವೇ ವಾಪಸ್ ಬಂದಿವೆ' ಎಂಬಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ಸರ್ಕಾರಿ ವಕೀಲರ ತಕರಾರಿಲ್ಲವೆಂಬ ಪತ್ರ ಬಂದಿತ್ತು. ಸಹಿ ಹಾಕಲು ಎರಡು ನಿಮಿಷವೂ ಬೇಕಾಗಲಿಲ್ಲ.

"ಮಿಸ್ ಪ್ರೂಯಿಟ್, ಇನ್ನು ಮುಂದೆ ಕಾನೂನಿನ ಪ್ರಕಾರ ಈ ಬಂಧನ ನಡೆದೇ ಇಲ್ಲ. ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನಿ. ಅದು ಸುಳ್ಳಾಗಲ್ಲ."

"ಇಡೀ ಊರಿಗೆ ಗೊತ್ತಿದೆಯಲ್ಲ ಸ್ವಾಮಿ."

"ಊರಿಗೆ ಮೊಹರು ಹಾಕೋ ಅಧಿಕಾರ ನನಗಿಲ್ಲಮ್ಮ. ಕಾಗದಕ್ಕೆ ಹಾಕ್ತೀನಿ. ಆದ್ರೆ ಒಂದು ಮಾತು ನೆನಪಿರ್ಲಿ. ನೀವೇ ಬಾಯಿಬಿಟ್ಟು ಹೌದು ಅಂದ್ರೆ ಲೈಸೆನ್ಸಿನವರು ಬರ್ಕೋತಾರೆ, ಕಮಿಟಿಗೆ ಹೋಗತ್ತೆ, ಮತ್ತೊಂದು ವರ್ಷ. ಆಮೇಲೆ ನನ್ನ ಕೈಲಿ ಏನೂ ಇರಲ್ಲ."

ಮೇವಿಸ್ ಕಾರ್ಡನ್ನು ಕಂದು ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಮುದ್ರೆ ಒತ್ತಿದಳು. ಹೊರಗೆ ಬಂದಾಗ ನೆಡ್ರಾಳಿಗೆ ಖುಷಿಪಡಬೇಕು ಅನ್ನಿಸಿತು. ಹೇಳಿಕೊಳ್ಳಲು ಯಾರಾದರೂ ಇದ್ದಿದ್ದರೆ ಪಡುತ್ತಿದ್ದಳೋ ಏನೋ. ಅಂಗಡಿಯಲ್ಲಿ ಓಪಲ್‌ಗೆ ಇಷ್ಟವೆಂದು ಡಬ್ಬದ ಪೀಚ್ ಹಣ್ಣು ಆರು ತೆಗೆದುಕೊಂಡು ಮನೆಗೆ ಹೋದಳು.

ಏಪ್ರಿಲಿನಲ್ಲಿ ರಾಜ್ಯದಿಂದ ಪಾಡಿಲಾ ಎಂಬ ಅಧಿಕಾರಿಣಿ ಬಂದಳು. ಓಪಲ್‌ಗೆ ಈ ಮನೆ ಹೊಂದುತ್ತದೆಯೋ ಇಲ್ಲವೋ ನೋಡಬೇಕೆಂದು ಎಲ್ಕೋದಿಂದ ಅವಳನ್ನೂ ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಬಂದಿದ್ದಳು. ಎಲ್ಲ ಸರಿಹೋದರೆ ಬಿಟ್ಟುಹೋಗುವುದು, ಇಲ್ಲದಿದ್ದರೆ ಸಂಜೆ ವಾಪಸ್ ಕರೆದೊಯ್ಯುವುದು. ಒಳ್ಳೆಯ ಹೆಂಗಸು. ಬಚ್ಚಲಿನ ಹಿಡಿಗಳನ್ನು ಎಳೆದು ನೋಡಿದಳು, ನಲ್ಲಿಯ ಬಿಸಿನೀರಿಗೆ ಥರ್ಮಾಮೀಟರ್ ಹಿಡಿದಳು, ಬಂದೂಕು ಬೀಗದೊಳಗಿದೆಯೇ ಎಂದು ಕೇಳಿದಳು, ಹಿಂಬಾಗಿಲಿಗೆ ನೆಡ್ರಾ ಕಟ್ಟಿದ್ದ ಗಂಟೆಯನ್ನು ಎರಡು ಸಲ ಬಾರಿಸಿ ಮೆಚ್ಚಿಕೊಂಡಳು. ಓಪಲ್ ಒಳಗೆ ಕಾಲಿಟ್ಟ ಕೂಡಲೇ ಯಾರೂ ಹೇಳದೆ ಹೋಗಿ ತನ್ನ ಕುರ್ಚಿಯಲ್ಲೇ ಕೂತಿದ್ದಳು. ನೆಡ್ರಾಳನ್ನು ನೋಡಿ, "ಗೇಟು ತೆಗ್ದೋಳು," ಎಂದು ಕಣ್ಣು ಹೊಡೆದಿದ್ದಳು. ಪೀಚ್ ಹಣ್ಣಿನ ಬಟ್ಟಲು ಕೈಗೆ ಕೊಟ್ಟಾಗ ಅವಳ ಮುಖದಲ್ಲಿದ್ದ ನೆಮ್ಮದಿ ನೋಡಿ ನೆಡ್ರಾಳಿಗೆ ಎದೆ ತುಂಬಿ ಬಂತು.

"ಕೊನೇ ಪುಟ," ಎಂದಳು ಪಾಡಿಲಾ, ಅಡುಗೆಮನೆಯ ಮೇಜಿನ ಮುಂದೆ ಕೂತು. "ಇದನ್ನ ನಾನು ಓದ್ಬೇಕು, ನೀವು ಬಾಯಲ್ಲೇ ಉತ್ತರ ಹೇಳ್ಬೇಕು. ನಿಯಮ. ಮನೇಲಿ ಬೇರೆ ಯಾರಾದ್ರೂ ಇರ್ತಾರಾ?"

"ಇಲ್ಲ."

"ಸಿಗರೇಟು?"

"ಬಿಟ್ಟು ಇಪ್ಪತ್ತು ವರ್ಷ ಆಯ್ತು."

"ಯಾವತ್ತಾದ್ರೂ ಪೊಲೀಸರು ನಿಮ್ಮನ್ನ ಬಂಧಿಸಿದ್ರಾ?"

"ಇಲ್ಲ," ಎಂದಳು ನೆಡ್ರಾ. ಜಡ್ಜ್ ಹೇಳಿದಂತೆಯೇ ಹೇಳಿದಳು.

ಓಪಲ್ ಚಮಚ ಎತ್ತಿ ಕಿಲಕಿಲ ನಕ್ಕಳು. "ಸುಳ್ಳಿ! ಕೇಳಬೇಡಿ ಇವಳ ಮಾತು. ನಾವಿಬ್ರೂ ಜೈಲಲ್ಲಿದ್ವಿ. ಮೂರು ದಿನ! ಹನ್ನೊಂದು ಕುದುರೆ. ನಾನು ಮುಂದೆ, ಇವಳು ಗೇಟಲ್ಲಿ. ಹೇಳೇ, ಅವರಿಗೂ ಹೇಳು. ಯಾಕೆ ನಾಚ್ಕೋತೀಯ?"

ಪಾಡಿಲಾಳ ಪೆನ್ನು ನಿಂತಿತು. "ಮಿಸ್ ಪ್ರೂಯಿಟ್?"

ನೆಡ್ರಾ ಓಪಲ್ಲಿನ ಕಡೆ ನೋಡಲಿಲ್ಲ. ಹೊರಗೆ ಪಾಡಿಲಾಳ ಗಾಡಿ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಓಪಲ್ಲಿನ ಬಟ್ಟೆಯ ಚೀಲ ಇನ್ನೂ ಹಾಗೇ ಇತ್ತು, ಇಳಿಸಿರಲಿಲ್ಲ. ಒಂದು ವರ್ಷವೆಂದರೆ ಓಪಲ್‌ಗೆ ಎಷ್ಟು ಎಂಬುದನ್ನು ಇಬ್ಬರು ವೈದ್ಯರು ಹೇಳಿ ಆಗಿತ್ತು. ಮುಂದಿನ ಮಾತನ್ನು ಆಡಿದ್ದಕ್ಕೆ ಅವಳನ್ನು ಬೈಯುವವರು ಬೈಯಲಿ, ಈ ಕತೆ ಹೇಳುವ ನನಗಂತೂ ಬಾಯಿ ಬರುವುದಿಲ್ಲ.

"ಅವಳಿಗೆ ಮರೆವಿನ ಕಾಯಿಲೆ ಅಲ್ವಾ," ಎಂದಳು. "ಏನೇನೋ ಕಟ್ಕೊಂಡು ಹೇಳ್ತಾಳೆ. ಹಾಗೇನೂ ನಡೆದಿಲ್ಲ."

"ನಡೆದಿಲ್ವಾ?" ಎಂದಳು ಓಪಲ್.

"ಇಲ್ಲ ಓಪಲ್."

"ಕುದುರೆ?"

"ಯಾವ ಕುದುರೇನೂ ಇಲ್ಲ."

ಓಪಲ್ ಚಮಚವನ್ನು ಬಟ್ಟಲಿನಲ್ಲಿಟ್ಟಳು. ತಪ್ಪು ಉತ್ತರ ಹೇಳಿ ಬೈಸಿಕೊಂಡ ಮಗುವಿನಂತೆ ಅವಳ ಮುಖ ಸಪ್ಪಗಾಯಿತು. ಎಲ್ಕೋದಲ್ಲೂ ಹಾಗೆಯೇ ಅಲ್ಲವೇ? ಇವತ್ತು ಸೋಮವಾರ ಅಲ್ಲಮ್ಮ, ನಿಮ್ಮ ಅಮ್ಮ ಇಲ್ಲಮ್ಮ ಎಂದು ದಿನವಿಡೀ ಯಾರಾದರೂ ತಿದ್ದುತ್ತಲೇ ಇರುತ್ತಿದ್ದರು. ತನಗೆ ಗೊತ್ತಿರುವುದು ತಪ್ಪಿರುತ್ತದೆಂದು ಅವಳಿಗೆ ಅಭ್ಯಾಸವಾಗಿತ್ತು.

"ಕ್ಷಮಿಸಿ," ಎಂದಳು ಪಾಡಿಲಾಳಿಗೆ. "ನನಗೆ ಏನೇನೋ ಅನ್ಸತ್ತೆ."

ಪಾಡಿಲಾ ಕರುಣೆಯಿಂದ ತಲೆಯಾಡಿಸಿ ಬರೆದುಕೊಂಡಳು. ಆಮೇಲೆ ಎದ್ದು ನೆಡ್ರಾಳ ಕೈ ಕುಲುಕಿ, ಪಕ್ಕಾ ಕಾಗದ ಅಂಚೆಯಲ್ಲಿ ಬರುತ್ತದೆ, ಓಪಲ್ ಇವತ್ತಿನಿಂದಲೇ ಇಲ್ಲಿರಬಹುದು ಎಂದಳು. ಚೀಲ ಇಳಿಸಿಕೊಟ್ಟು, ಧೂಳೆಬ್ಬಿಸಿಕೊಂಡು ಹೊರಟುಹೋದಳು. ಧೂಳು ರಸ್ತೆಯ ಮೇಲೆ ಬಹಳ ದೂರದವರೆಗೂ ಕಾಣುತ್ತಿತ್ತು, ಆದರೆ ನೆಡ್ರಾ ನೋಡುತ್ತಾ ನಿಲ್ಲಲಿಲ್ಲ.

ಒಳಗೆ ಓಡಿಬಂದು ಓಪಲ್ಲಿನ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. "ಓಪಲ್, ನಡೆದಿತ್ತು ಕಣೇ. ಎಲ್ಲ ನಡೆದಿತ್ತು. ಅವರ ಮುಂದೆ ಹೇಳೋ ಹಾಗಿರ್ಲಿಲ್ಲ, ಅದಕ್ಕೇ ಹಾಗಂದೆ." ಮೊದಲಿನಿಂದ ಹೇಳಿದಳು: ಲೇಜಿ ಕೆ, ಕಸಾಯಿಯ ಲಾರಿ, ಬೆಳಗಿನ ಚಳಿ, ಗೇಟಿನ ತಂತಿ ಬಿಚ್ಚುವಾಗ ಕೈ ಕೊಯ್ದದ್ದು, ಗುಡ್ಡ ಹತ್ತುವ ಕುದುರೆಗಳ ಮುಂದೆ ಓಪಲ್ ಟೋಪಿ ಬೀಸಿ ಕೂಗಿದ್ದು. ಕುದುರೆ ಸಿಗಲೇ ಇಲ್ಲ, ಇವತ್ತೂ ಗುಡ್ಡದ ಮೇಲಿವೆ ಎಂದೂ ಹೇಳಿದಳು.

ಓಪಲ್ ಮರ್ಯಾದೆಯಿಂದ ಕೇಳಿಸಿಕೊಂಡಳು. "ಕತೆ ಚೆನ್ನಾಗಿದೆ," ಎಂದಳು ಕೊನೆಗೆ. "ಆದ್ರೆ ಅದು ನಡೆದಿದ್ದಲ್ಲ. ಈ ಮನೆಯವರು ಈಗ ತಾನೇ ಹೇಳಿದ್ರಲ್ಲ."

"ಅದು ನಾನೇ ಕಣೇ. ನೆಡ್ರಾ. ಗೇಟು ತೆಗ್ದೋಳು ನಾನು!"

ಓಪಲ್ ಅವಳನ್ನು ದಿಟ್ಟಿಸಿ ನೋಡಿದಳು. ಮುಖ ಅರಳುವುದನ್ನು ನೆಡ್ರಾ ಕಾದಳು. ಓಪಲ್ ಪಾಪ ಪ್ರಯತ್ನಪಟ್ಟಳು, ಹಣೆ ಸುಕ್ಕಾಗುವಷ್ಟು ಪ್ರಯತ್ನಪಟ್ಟಳು. ಆಮೇಲೆ ಕೈಬಿಟ್ಟು, ಖಾಲಿ ಅಡುಗೆಮನೆಯನ್ನೂ ಕಿಟಕಿಯ ಆಚೆಯ ಬಯಲನ್ನೂ ಒಮ್ಮೆ ನೋಡಿ, ನೆಡ್ರಾಳ ಕೈಯನ್ನು ಮೃದುವಾಗಿ ತಟ್ಟಿದಳು.

"ಇಷ್ಟು ದೂರದಲ್ಲಿ ಮನೆ," ಎಂದಳು. "ನಿಮಗೆ ಒಬ್ಬರೇ ಇದ್ದು ಬೇಜಾರಾಗಲ್ವೇನಮ್ಮ?"